ಬಾಟಲಿಗೆ ಇನ್ಶೂರೆನ್ಸ್ ಇದೆ, ಗಿರಾಕಿಗೆ ಇಲ್ಲ: ಅಬಕಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅಬಕಾರಿ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ಹನುಮಂತನಗರದಲ್ಲಿ ಟೈಲರ್. ಬ್ಲೌಸು, ಸೀರೆ ಫಾಲ್ಸು, ಮಕ್ಕಳ ಯೂನಿಫಾರಂ ಹೊಲಿದು ಇಪ್ಪತ್ತೇಳು ವರ್ಷ ಸಂಸಾರ ನಡೆಸಿದ್ದೇನೆ. ಈ ಪತ್ರವನ್ನು ಮಗಳ ಕೈಲಿ ಬರೆಸುತ್ತಿದ್ದೇನೆ. ನನ್ನ ಬಲಗೈ ಮಣಿಕಟ್ಟಿನೊಳಗೆ ಒಂದು ಪ್ಲೇಟು, ಆರು ಸ್ಕ್ರೂ ಇವೆ. ಹದಿನಾಲ್ಕು ತಿಂಗಳಾದರೂ ಹತ್ತು ನಿಮಿಷ ಪೆನ್ನು ಹಿಡಿದರೆ ಬೆರಳು ಮರಗಟ್ಟುತ್ತದೆ.

ಕೈ ಮುರಿದಿದ್ದು ಪಬ್ಬಿನಲ್ಲಿ. ಹಾಗಂದ ಕೂಡಲೇ ಎಲ್ಲರ ಮುಖದಲ್ಲೂ ಒಂದು ನಗು ಬರುತ್ತದೆ. ನಿಮಗೂ ಬಂದಿರಬಹುದು. ನಾನು ಕುಡಿದಿದ್ದು ಒಂದು ಲೈಮ್ ಸೋಡಾ, ಬಿಲ್ಲು ಇಟ್ಟುಕೊಂಡಿದ್ದೇನೆ. ಕುಡಿದೇ ಬಿದ್ದಿದ್ದರೂ ಏನೀಗ? ಕುಡಿಸುವುದೇ ಅವರ ವ್ಯಾಪಾರ ಅಲ್ವಾ? ಕುಡಿದವರು ಇಳಿಯುವ ಮೆಟ್ಟಿಲು ಹೇಗಿರಬೇಕು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ತಂಗಿ ಮಗನಿಗೆ ಪ್ರಮೋಷನ್ ಆಗಿತ್ತು. "ಮಾಮ, ನೀವು ಬರಲೇಬೇಕು" ಅಂದ, ಹೋದೆ. ಪಬ್ಬು ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲಿಗೆ ನುಣ್ಣಗಿನ ಕಪ್ಪು ಗ್ರಾನೈಟ್, ಮೇಲೊಂದು ನೇರಳೆ ಬಲ್ಬು. ಯಾರೋ ಬಿಯರ್ ಚೆಲ್ಲಿದ್ದರು, ಯಾರೂ ಒರೆಸಿರಲಿಲ್ಲ. ಕಂಬಿ ಇರಬೇಕಾದ ಕಡೆ ಶೋಕಿಗೆ ದಪ್ಪನೆಯ ಹಗ್ಗ ಕಟ್ಟಿದ್ದರು, ಹಡಗಿಗೆ ಕಟ್ಟುತ್ತಾರಲ್ಲ, ಹಾಗೆ. ಕಾಲು ಜಾರಿತು, ಹಗ್ಗ ಹಿಡಿದೆ. ಹಗ್ಗವೂ ನನ್ನ ಜೊತೆಗೇ ಬಂತು.

ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಕೈ ಆಗಲೇ ಬನ್ನಿನ ಹಾಗೆ ಊದಿತ್ತು. ಒಬ್ಬ ಹುಡುಗ ಐಸ್ ಬಕೆಟ್ ತಂದು ಅದರೊಳಗೆ ನನ್ನ ಕೈ ಇಟ್ಟ. ಒಳ್ಳೆಯವನು. ಅವನ ಹಿಂದೆಯೇ ಇನ್ನೊಬ್ಬ ಕಾರ್ಡ್ ಮೆಷಿನ್ ಹಿಡಿದು ಬಂದ. "ಸಾರ್, ಹೋಗೋ ಮುಂಚೆ ಬಿಲ್ ಕ್ಲೋಸ್ ಮಾಡಿಬಿಟ್ರೆ..." ಅಂದ. ಅದರಲ್ಲಿ ಶೇ. 10 ಸರ್ವಿಸ್ ಚಾರ್ಜು ಬೇರೆ. ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ 2022ರ ಜುಲೈನಲ್ಲೇ ಮಾರ್ಗಸೂಚಿ ಬಂದಿದೆ, ನಿಮಗೆ ಗೊತ್ತೇ ಇರುತ್ತದೆ. ಕೈ ಐಸಿನೊಳಗೆ ಇರುವಾಗ ಯಾವ ಮಾರ್ಗಸೂಚಿ ನೆನಪಾಗುತ್ತದೆ ಸ್ವಾಮಿ? ತಂಗಿ ಮಗ ಕಾರ್ಡ್ ಉಜ್ಜಿದ. ಆಮೇಲೆ ಆಟೋ ಹುಡುಕಿದ.

ಆಸ್ಪತ್ರೆಗೆ 1,86,000 ರೂಪಾಯಿ ಆಯಿತು. ಅದು ಮದುವೆ ಸೀಸನ್. ಅಂಗಡಿಯಲ್ಲಿ ಹೊಲಿಯಬೇಕಾದ ಬ್ಲೌಸು ನಲವತ್ತೊಂದು ಇದ್ದವು. ಕತ್ತರಿಸಿಟ್ಟ ಬಟ್ಟೆಯನ್ನು ಹಾಗೇ ಕವರಿಗೆ ಹಾಕಿ ನನ್ನ ಹೆಂಡತಿ ಮನೆಮನೆಗೆ ವಾಪಸ್ ಕೊಟ್ಟು ಬಂದಳು. ಮೂರು ತಿಂಗಳು ಶಟರ್ ಎತ್ತಲಿಲ್ಲ. ಈಗಲೂ ದೊಡ್ಡ ಕತ್ತರಿಯೊಳಗೆ ಹೆಬ್ಬೆರಳು ಹೋಗುತ್ತದೆ, ಒತ್ತಲು ಬಲ ಬರುವುದಿಲ್ಲ. ಕಟಿಂಗಿಗೆ ಅಂತಲೇ ಒಬ್ಬರನ್ನು ಇಟ್ಟುಕೊಂಡಿದ್ದೇನೆ.

ಪ್ಲಾಸ್ಟರ್ ಬಿಚ್ಚಿದ ವಾರ ಪಬ್ಬಿನ ಮಾಲೀಕರನ್ನು ನೋಡಲು ಹೋದೆ. ಕಾಫಿ ಕೊಟ್ಟರು. ಇನ್ಶೂರೆನ್ಸ್ ಇಲ್ವಾ ಅಂತ ಕೇಳಿದೆ. "ಇದೆಯಲ್ಲ" ಅಂದು ಫೈಲೇ ತೆಗೆದರು. ಒಳಾಂಗಣಕ್ಕೆ ಇದೆ, ಸೌಂಡ್ ಸಿಸ್ಟಮ್ಮಿಗೆ ಇದೆ, ಗಾಜಿಗೆ ಇದೆ, ಕಪಾಟಿನಲ್ಲಿರುವ ಬಾಟಲಿಗಳಿಗೂ ಇದೆ. ಒಳಗೆ ಬರುವ ಜನಕ್ಕೆ? "ಅದು ಕಂಪಲ್ಸರಿ ಅಲ್ಲ ಸಾರ್" ಅಂದರು. ಹೊರಡುವಾಗ ಒಂದು ಕವರ್ ಕೊಟ್ಟರು. ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಒಳಗೆ ಇದ್ದದ್ದು ಕೂಪನ್ನು. ಮುಂದಿನ ಸಲ ಬಂದರೆ ಶೇ. 20 ರಿಯಾಯಿತಿ.

ನನ್ನ ಸಿಟ್ಟು ಕೂಪನ್ನಿನ ಮೇಲಲ್ಲ, ಆ "ಕಂಪಲ್ಸರಿ ಅಲ್ಲ" ಅನ್ನುವ ಮಾತಿನ ಮೇಲೆ. ಕಂಪಲ್ಸರಿ ಮಾಡಬೇಕಾದವರು ನೀವು.

ಇಂಥ ಪಾಲಿಸಿ ಇಲ್ಲ ಅಂತಲ್ಲ. ಪಬ್ಲಿಕ್ ಲಯಬಿಲಿಟಿ ಪಾಲಿಸಿ ಅಂತ ಹೋಟೆಲ್, ರೆಸ್ಟೋರೆಂಟ್, ಪಬ್ಬುಗಳಿಗೆ ಕಂಪನಿಗಳು ಮಾರುತ್ತವೆ. ಒಳಗೆ ಬಂದ ಹೊರಗಿನವರಿಗೆ ಪೆಟ್ಟಾಗಿ, ತಪ್ಪು ಮಾಲೀಕರದ್ದು ಅಂತಾದರೆ ಪರಿಹಾರವನ್ನು ಕಂಪನಿ ಕಟ್ಟುತ್ತದೆ. ಒಂದು ಅಪಘಾತಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಮಿತಿ ಇರುತ್ತದೆ. ಬೇಕು ಅಂದವರು ತೆಗೆದುಕೊಳ್ಳುತ್ತಾರೆ, ಬೇಡ ಅಂದವರು ಕೂಪನ್ ಅಚ್ಚು ಹಾಕಿಸುತ್ತಾರೆ.

ಕಡ್ಡಾಯ ಮಾಡುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಭೋಪಾಲ್ ಅನಿಲ ದುರಂತ ಆದ ಮೇಲೆ 1991ರಲ್ಲಿ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆಯೇ ಬಂತು. ಆದರೆ ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ ಮಾತ್ರ. ಶುಕ್ರವಾರ ರಾತ್ರಿ ಮುನ್ನೂರು ಜನರನ್ನು ಒಂದೇ ಮೆಟ್ಟಿಲಲ್ಲಿ ಹತ್ತಿಸಿ ಇಳಿಸುವವರು ಆ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಹಳೇ ಸ್ಕೂಟರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದಿದ್ದರೆ ಸರ್ಕಲ್ಲಿನಲ್ಲಿ ಹಿಡಿದು ದಂಡ ಹಾಕುತ್ತಾರೆ. ಪಬ್ಬಿಗೆ ಇಲ್ಲದಿದ್ದರೆ ಲೈಸೆನ್ಸ್ ರಿನ್ಯೂ ಮಾಡುತ್ತಾರೆ.

ಜಾರಿ ಬಿದ್ದವನ ರಗಳೆ ಅಂತ ಸುಮ್ನೆ ಪಕ್ಕಕ್ಕಿಡಬೇಡಿ. 2017ರ ಡಿಸೆಂಬರಿನಲ್ಲಿ ಮುಂಬೈಯ ಕಮಲಾ ಮಿಲ್ಸ್ ಆವರಣದ ಪಬ್ಬುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾದ ನೈಟ್ ಕ್ಲಬ್ಬಿನಲ್ಲಿ 25 ಜನ. ನಮ್ಮಲ್ಲೇ 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರೊಂದರಲ್ಲಿ ಮಲಗಿದ್ದ ಐದು ಕೆಲಸಗಾರರು ಹೊಗೆ, ಬೆಂಕಿಗೆ ಸತ್ತರು. ಕೆಲಸಗಾರರಿಗೆ ಬೇರೆ ಇನ್ಶೂರೆನ್ಸ್ ಬೇಕು, ಈ ಪಾಲಿಸಿ ಅವರನ್ನು ಮುಟ್ಟುವುದಿಲ್ಲ. ಹಾಗಾಗಿ ಎರಡನ್ನೂ ಕೇಳಿ.

ಕನ್ಸ್ಯೂಮರ್ ಕೋರ್ಟಿಗೆ ಹೋಗಬಹುದಿತ್ತಲ್ಲ ಅನ್ನುತ್ತೀರಿ. ಹೋಗಿದ್ದೇನೆ. ಮೂರು ತಿಂಗಳೊಳಗೆ ಮುಗಿಸಲು ನೋಡಬೇಕು ಅಂತ 2019ರ ಕಾಯ್ದೆಯಲ್ಲಿ ಇದೆ. ನನಗೆ ಏಳನೇ ತಾರೀಖು ಕೊಟ್ಟಿದ್ದಾರೆ. ಏಳನೇ ತಾರೀಖು ಅಂದರೆ ತಿಂಗಳಿನದ್ದಲ್ಲ, ಏಳನೇ ಸಲದ್ದು. ಈ ನಡುವೆ ಮೂರು ಕಚೇರಿಗಳಿಗೆ ಅರ್ಜಿ ಕೊಟ್ಟೆ. ಒಂದು ಇನ್ನೊಂದಕ್ಕೆ ಕಳಿಸಿತು, ಅದು ಮತ್ತೊಂದಕ್ಕೆ. ಮೂರನೆಯದು ಮೊದಲನೆಯದಕ್ಕೇ "ಸೂಕ್ತ ಕ್ರಮಕ್ಕಾಗಿ" ಕಳಿಸಿದೆ. ನನ್ನ ಅರ್ಜಿ ನನಗಿಂತ ಜಾಸ್ತಿ ಊರು ಸುತ್ತಿದೆ.

2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ನಾನು ಅದರಲ್ಲಿ ಪಾಲು ಕೇಳುತ್ತಿಲ್ಲ. ಕೇಳುವುದು ಎರಡೇ ಕಾಗದ. ಲೈಸೆನ್ಸ್ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ರಿನ್ಯೂವಲ್ ಅರ್ಜಿಯ ಜೊತೆ ಹತ್ತಾರು ಕಾಗದ ಕೇಳುತ್ತೀರಲ್ಲ, ಅದರ ಜೊತೆ ಪಬ್ಲಿಕ್ ಲಯಬಿಲಿಟಿ ಪಾಲಿಸಿಯ ಪ್ರತಿಯನ್ನೂ, ಕೆಲಸಗಾರರ ಇನ್ಶೂರೆನ್ಸಿನ ಪ್ರತಿಯನ್ನೂ ಕೇಳಿ. ಪಾಲಿಸಿ ಇಲ್ಲದಿದ್ದರೆ ರಿನ್ಯೂವಲ್ ಬೇಡ. ಪಾಲಿಸಿ ನಂಬರು, ಕಂಪನಿ ಹೆಸರು ಬಾಗಿಲ ಹತ್ತಿರ ಕಾಣುವ ಹಾಗೆ ಹಾಕಿಸಿ. ಚಿಕ್ಕ ಬಾರಿನವರು ಭಾರ ಅಂದರೆ ಕಡಿಮೆ ಮಿತಿಯದ್ದು ತೆಗೆದುಕೊಳ್ಳಲಿ. ಆದರೆ ತೆಗೆದುಕೊಳ್ಳಲೇಬೇಕು. ಕಡ್ಡಾಯ ಮಾಡಿ. ಈ ವರ್ಷವೇ ಮಾಡಿ.

ಎಕ್ಸ್‌ರೇ, ಬಿಲ್ಲು, ಕೂಪನ್ನು ಎಲ್ಲವನ್ನೂ ಒಂದು ಕವರಿನಲ್ಲಿ ಇಟ್ಟಿದ್ದೇನೆ. ಯಾವತ್ತು ಕರೆದರೂ ತಂದು ತೋರಿಸುತ್ತೇನೆ. ಶನಿವಾರ ಮಾತ್ರ ಬೇಡ, ಅವತ್ತು ಫಿಸಿಯೋಥೆರಪಿ ಇರುತ್ತದೆ.

ಇಂತಿ,
ಹನುಮಂತನಗರದ ಒಬ್ಬ ಟೈಲರ್
(ಸಹಿ ಎಡಗೈಯದ್ದು)