ಪರವಾಗಿಲ್ಲ ಅಪ್ಪ

ತೀರ್ಥಹಳ್ಳಿ
ಶುಕ್ರವಾರ ರಾತ್ರಿ

ಚಿ. ಪುಟ್ಟುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರವೇ ಬಂತು. ಪಾಪುವಿನ ವಿಷಯ, ಆಸ್ಪತ್ರೆ ಓಡಾಟ, ನಿನ್ನ ಕೆಲಸದ ರಗಳೆ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಎತ್ತುವುದಿಲ್ಲ. ಮೂರನೇ ಪುಟದಲ್ಲಿ ಜಾಗ ಸಾಲದೆ ಅಂಚಿಗೆ ಅಡ್ಡಡ್ಡ ಬರೆದಿದ್ದೀಯಲ್ಲ, ಆ ನಾಲ್ಕು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿದೆ.

ರಾತ್ರಿ ಅಡುಗೆಮನೆ ನೆಲದ ಮೇಲೆ ಕೂತು ನೀನು ಅಳುತ್ತಿದ್ದೆ. ದೊಡ್ಡ ಮಗ ಎದ್ದು ಬಂದ. ಹೆಗಲ ಮೇಲೆ ಕೈ ಇಟ್ಟು "ಪರವಾಗಿಲ್ಲ ಅಪ್ಪ, ಪಾಪುನ ನಾನು ನೋಡ್ಕೋತೀನಿ" ಅಂದ. ಅವನಿಗಿನ್ನೂ ಐದು ವರ್ಷ. ಕೆಳಗೆ ನೀನು ಬರೆದಿದ್ದೀಯ: "ದೊಡ್ಡಪ್ಪ, ನಾನು ಜಾನ್ ಆಗ್ತಾ ಇದ್ದೀನಾ?"

ಜಾನ್ ವಿಂಚೆಸ್ಟರ್‌ನ ಪರಿಚಯ ಮಾಡಿಸಿದವನು ನೀನೇ. ರಿಟೈರಾದ ವರ್ಷ, "ಸುಮ್ನೆ ಕೂತು ಏನ್ ಮಾಡ್ತೀರಾ" ಅಂತ ಟಿವಿಯಲ್ಲಿ ಸೂಪರ್‌ನ್ಯಾಚುರಲ್ ಹಾಕಿಕೊಟ್ಟು ಬೆಂಗಳೂರಿಗೆ ಹೋದೆ. 2005ರಿಂದ 2020ರವರೆಗೆ ಓಡಿದ ಅಮೆರಿಕದ ಧಾರಾವಾಹಿ. ದೆವ್ವ ಭೂತಗಳನ್ನು ಬೇಟೆಯಾಡುವ ಜಾನ್, ಅವನ ಇಬ್ಬರು ಗಂಡುಮಕ್ಕಳು ಡೀನ್, ಸ್ಯಾಮ್, ಇವರ ಕಥೆ. 15 ಸೀಸನ್, 327 ಕಂತು. ಕೆಳಗಿನ ಅಕ್ಷರ ಓದಿಕೊಂಡು ಎರಡು ಮಳೆಗಾಲದಲ್ಲಿ ಮುಗಿಸಿದೆ. ದೆವ್ವ ಭೂತ ಬಂದಾಗ ಎಷ್ಟೋ ಸಲ ತೂಕಡಿಸಿದ್ದೇನೆ. ಅದಕ್ಕಿಂತ ಒಳ್ಳೆಯ ದೆವ್ವಗಳನ್ನು ನಿನ್ನ ಅಜ್ಜಿ ಕಂಡಿದ್ದಳು. ಆ ಅಪ್ಪ ಬಂದರೆ ಮಾತ್ರ ಎದ್ದು ಕೂರುತ್ತಿದ್ದೆ.

ನಿನ್ನ ನಾಲ್ಕು ಸಾಲು ಓದಿದ ಕೂಡಲೇ ಯಾವ ದೃಶ್ಯ ನಿನ್ನ ತಲೆಗೆ ಬಂದಿದೆ ಅಂತ ತಿಳಿಯಿತು. ಎರಡನೇ ಸೀಸನ್ನಿನ ಮೊದಲ ಕಂತು. ಆಸ್ಪತ್ರೆ. ಸತ್ತೇ ಹೋಗಬೇಕಿದ್ದ ಡೀನ್ ಎದ್ದು ಕೂತಿದ್ದಾನೆ. ಅವನ ಪ್ರಾಣಕ್ಕೆ ಬದಲಾಗಿ ಜಾನ್ ತನ್ನ ಆತ್ಮವನ್ನೂ, ಭೂತವನ್ನೂ ಕೊಲ್ಲಬಲ್ಲ ಆ ಕೋಲ್ಟ್ ಬಂದೂಕನ್ನೂ, ತನ್ನ ಹೆಂಡತಿಯನ್ನು ಕೊಂದ ಹಳದಿ ಕಣ್ಣಿನ ಭೂತಕ್ಕೇ ಒಪ್ಪಿಸಿ ಬಂದಿದ್ದಾನೆ. ಮಕ್ಕಳಿಗೆ ಹೇಳಿಲ್ಲ. ಚಿಕ್ಕವನು ಸ್ಯಾಮ್‌ನನ್ನು ಕಾಫಿ ತಾ ಅಂತ ಹೊರಗೆ ಕಳಿಸುತ್ತಾನೆ. ಆಮೇಲೆ ದೊಡ್ಡವನಿಗೆ ಹೇಳುತ್ತಾನೆ: ನಾನು ಬೇಟೆ ಮುಗಿಸಿ ಸೋತು ಬರುತ್ತಿದ್ದೆ, ನೀನು ಪುಟ್ಟ ಹುಡುಗ, ನನ್ನ ಹೆಗಲ ಮೇಲೆ ಕೈ ಇಟ್ಟು ಪರವಾಗಿಲ್ಲ ಅಪ್ಪ ಅನ್ನುತ್ತಿದ್ದೆ. ಆ ಮಾತು ನಾನು ನಿನಗೆ ಹೇಳಬೇಕಿತ್ತು.

ನೀನು ಇಷ್ಟಕ್ಕೇ ಹೆದರಿದ್ದೀಯ. ನಾನು ಹೆದರಿದ್ದು ಅದರ ಮುಂದಿನದಕ್ಕೆ. ನಿನ್ನ ಬಗ್ಗೆ ಹೆಮ್ಮೆ ಇದೆ ಅಂತಾನೆ, ಕಣ್ಣಲ್ಲಿ ನೀರು. ಹಾಗೇ ಬಗ್ಗಿ ಮಗನ ಕಿವಿಯಲ್ಲಿ ಏನೋ ಹೇಳುತ್ತಾನೆ. ಏನು ಅಂತ ನಮಗೆ ಗೊತ್ತಾಗುವುದು ಎಷ್ಟೋ ಕಂತುಗಳ ನಂತರ. ತಮ್ಮನನ್ನು ಉಳಿಸು, ಉಳಿಸಲು ಆಗದಿದ್ದರೆ ನೀನೇ ಕೊಲ್ಲಬೇಕಾಗುತ್ತದೆ. ಹೊರೆ ಇಳಿಸಿದ ಹಾಗೆ ಮಾಡಿ, ಅದಕ್ಕಿಂತ ದೊಡ್ಡದನ್ನು ಹೊರಿಸಿ, ತಾನು ಸತ್ತ.

ಆ ರಾತ್ರಿ ಟಿವಿ ಆರಿಸಿ ಜಗಲಿಯಲ್ಲಿ ಕೂತಿದ್ದೆ. ಮಳೆ ಹೊಡೆಯುತ್ತಿತ್ತು.

ನಿನಗೆ ಕೋಪ ಬರಬಹುದು, ಸಮಾಧಾನ ಹೇಳಿ ಅಂತ ಬರೆದರೆ ಈ ಮುದುಕ ಕಥೆ ಹೇಳುತ್ತಾನೆ ಅಂತ. ಸಮಾಧಾನ ಹೇಳುವುದಾದರೆ "ಛೆ, ನೀನೆಲ್ಲಿ, ಜಾನ್ ಎಲ್ಲಿ" ಅಂದು ಒಂದೇ ಸಾಲಲ್ಲಿ ಮುಗಿಸಬಹುದಿತ್ತು. ಅವನು ಮಕ್ಕಳನ್ನು ಒಂದು ಕಪ್ಪು ಇಂಪಾಲಾ ಕಾರಿನಲ್ಲಿ ಹಾಕಿಕೊಂಡು ಮೋಟೆಲಿನಿಂದ ಮೋಟೆಲಿಗೆ ತಿರುಗಿಸಿದವನು. ನಿನಗೆ ಬೆಳಗಾದರೆ ಸ್ಕೂಲ್ ವ್ಯಾನಿನ ಚಿಂತೆ. ಆದರೆ ನೀನು ಕೇಳಿದ್ದು ಅದಲ್ಲ, ಅಲ್ವಾ?

ಶುರುವಾಗಿದ್ದು ಹೇಗೆ ನೆನಪಿಸಿಕೋ. 1983ರ ನವೆಂಬರ್ 2, ಕಾನ್ಸಾಸ್‌ನ ಲಾರೆನ್ಸ್. ತಾಯಿ ಮೇರಿ ಸೂರಿಗೆ ಅಂಟಿಕೊಂಡು ಉರಿಯುತ್ತಿದ್ದಾಳೆ. ಜಾನ್ ಆರು ತಿಂಗಳ ಕೂಸನ್ನು ನಾಲ್ಕು ವರ್ಷದ ಡೀನ್‌ನ ಕೈಗೆ ಕೊಟ್ಟು, ತಮ್ಮನನ್ನು ಹೊರಗೆ ಎತ್ತಿಕೊಂಡು ಓಡು, ಹಿಂದೆ ನೋಡಬೇಡ ಅಂತಾನೆ. ಅಲ್ಲಿಯವರೆಗೆ ತಪ್ಪಿಲ್ಲ ಪುಟ್ಟು. ಬೆಂಕಿ ಬಿದ್ದ ಮನೆಯಲ್ಲಿ ಇನ್ನೇನು ಮಾಡುತ್ತಾನೆ? ನೀನೂ ಹಾಗೇ ಮಾಡುತ್ತೀಯ. ಬೆಂಕಿ ಆರಿದ ಮೇಲೂ ಆ ಕೂಸನ್ನು ಹುಡುಗನ ಕೈಯಿಂದ ಅವನು ವಾಪಸ್ ಇಸಿದುಕೊಳ್ಳಲೇ ಇಲ್ಲ. ನನಗೆ ಕಂಡ ತಪ್ಪು ಅದು.

ನಿಮ್ಮ ಮನೆಯಲ್ಲೂ ಎರಡು ತಿಂಗಳು ಬೆಂಕಿಯೇ. ಈಗ ಪಾಪು ಮನೆಗೆ ಬಂದಿದೆಯಲ್ಲ? ನಿನ್ನ ಹುಡುಗನ ಕೈ ಇನ್ನೂ ಚಾಚಿಕೊಂಡೇ ಇದೆಯಾ ನೋಡು. ನನಗಿರುವ ಹೆದರಿಕೆ ಅಷ್ಟೇ.

ವಿಸ್ಕಾನ್ಸಿನ್ನಿನ ಆ ಮೋಟೆಲ್ ಕಂತು ನಾನು ಮೂರು ಸಲ ನೋಡಿದ್ದೇನೆ. ಮಕ್ಕಳ ಜೀವ ಹೀರುವ ಮಾಟಗಾತಿಯ ಕಥೆ. ಜಾನ್ ಬಂದೂಕು ಡೀನ್‌ಗೆ ಒಪ್ಪಿಸಿ, ಯಾರಾದರೂ ಬಾಗಿಲು ಒಡೆದರೆ ಮೊದಲು ಗುಂಡು, ಆಮೇಲೆ ಮಾತು ಅಂತ ಹೇಳಿ ಹೋಗುತ್ತಾನೆ. ಡಬ್ಬದಲ್ಲಿ ಉಳಿದ ಕೊನೆಯ ಸೀರಿಯಲ್ ತಮ್ಮನಿಗೆ ಬೇಕು. ಡೀನ್ ಇನ್ನೂ ತಿಂದಿಲ್ಲ, ಆದರೂ ಕೊಡುತ್ತಾನೆ. ಕೋಣೆಯಲ್ಲಿ ಕೂತು ಕೂತು ಸಾಕಾಗಿ, ಒಂದು ರಾತ್ರಿ ಸ್ವಲ್ಪ ಹೊತ್ತು ವಿಡಿಯೋ ಗೇಮ್ ಆಡಲು ಹೋಗುತ್ತಾನೆ. ಬರುವಷ್ಟರಲ್ಲಿ ಮಾಟಗಾತಿ ತಮ್ಮನ ಮೇಲೆ ಬಗ್ಗಿದ್ದಾಳೆ. ಅಪ್ಪ ಸಮಯಕ್ಕೆ ಬಂದು ಗುಂಡು ಹೊಡೆಯುತ್ತಾನೆ. ಆಮೇಲೆ ಆ ವಿಷಯ ಅವನು ಎತ್ತಲೇ ಇಲ್ಲ, ಆದರೆ ನನ್ನನ್ನು ನೋಡುವ ರೀತಿ ಬದಲಾಯಿತು ಅಂತ ಡೀನ್ ದೊಡ್ಡವನಾದ ಮೇಲೆ ಹೇಳುತ್ತಾನೆ.

ಯಾಕೆ ಮೂರು ಸಲ ನೋಡಿದೆ ಅಂದರೆ, ನನ್ನ ಮನೆಯಲ್ಲಿ ಸೀರಿಯಲ್ ಬದಲು ಅನ್ನ.

ನಿನ್ನ ದೊಡ್ಡಮ್ಮನ ಆಗಿನ ಸ್ಥಿತಿ ನಿನಗೆ ಗೊತ್ತೇ ಇದೆ, ಬರೆಯುವುದಿಲ್ಲ. ನಾನು ಜಮೀನಿನ ಗಡಿ ಅಳೆಯುವ ಹದ್ದುಬಸ್ತಿನ ಕೆಲಸಕ್ಕೆ ಹಳ್ಳಿ ಮೇಲೆ ಹಳ್ಳಿ ತಿರುಗುತ್ತಿದ್ದೆ. 33 ಅಡಿ ಚೈನು, ಜೊತೆಗೊಬ್ಬ ಆಳು, ಸಿಕ್ಕಲ್ಲಿ ಊಟ. ಒಂದು ರಾತ್ರಿ ಕೊನೆ ಬಸ್ಸಿಗೆ ಬಂದೆ. ಒಳಗೆ ಕಾಲಿಟ್ಟರೆ ಸೀದ ವಾಸನೆ. ಒಲೆಯ ಪಕ್ಕ ಅನ್ನದ ಪಾತ್ರೆ, ತಳ ಕರ‍್ರಗೆ. ಚಿಕ್ಕವನು ಉಂಡು ಮಲಗಿದ್ದಾನೆ. ದೊಡ್ಡವನು, ಆಗ ಎಂಟು ವರ್ಷ, ಆ ತಳ ಕೆರೆದು ಕೆರೆದು ಮಜ್ಜಿಗೆ ಹಾಕಿಕೊಂಡು ತಿನ್ನುತ್ತಿದ್ದಾನೆ. ಮೇಲಿನ ಒಳ್ಳೆ ಅನ್ನ ತಮ್ಮನಿಗೆ ಹಾಕಿದ್ದಾನೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ನಾನು ಏನಂದೆ ಹೇಳು? "ಪಾತ್ರೆ ಹಾಳು ಮಾಡಿದೆಯಲ್ಲೋ" ಅಂದೆ. ಅವನು ತಲೆ ಎತ್ತದೆ "ಪರವಾಗಿಲ್ಲ ಅಪ್ಪ, ನಾಳೆ ಬೂದಿ ಹಾಕಿ ತಿಕ್ತೀನಿ" ಅಂದ.

ತಿಕ್ಕಿದ ಕೂಡ. ಆ ಪಾತ್ರೆ ಇನ್ನೂ ಇದೆ, ಅಟ್ಟದ ಮೇಲೆ.

ಅದಕ್ಕೇ ನೀನು ಬರೆದ ಆ "ಪರವಾಗಿಲ್ಲ" ನನ್ನನ್ನು ಹೀಗೆ ಹಿಡಿದುಕೊಂಡಿದೆ. ಮಗು ಹಾಗಂದಾಗ ನಮಗೆ ಎಷ್ಟು ಹಗುರ ಆಗುತ್ತದೆ ಗೊತ್ತಾ? ಎಷ್ಟು ಒಳ್ಳೆ ಹುಡುಗ ಅನ್ನಿಸುತ್ತದೆ. ನಾಲ್ಕು ಜನರ ಎದುರು ಹೇಳಿಕೊಳ್ಳುತ್ತೇವೆ, ನಮ್ಮ ದೊಡ್ಡೋನಿಗೆ ಭಾರೀ ಜವಾಬ್ದಾರಿ ಅಂತ. ನಾನು ಹೇಳಿಕೊಂಡಿದ್ದೇನೆ, ಮದುವೆ ಮನೆಗಳಲ್ಲಿ, ಎಲೆ ಮುಂದೆ ಕೂತು.

ಜಾನ್ ಬರೀ ಕೆಟ್ಟವನಾಗಿದ್ದರೆ ಬೈದು ಬಿಟ್ಟುಬಿಡುತ್ತಿದ್ದೆ. ಮಗನಿಗಾಗಿ ನರಕಕ್ಕೆ ಹೋದವನು. ಪ್ರಾಣ ಕೊಟ್ಟ, ಸರಿ. ಆದರೆ 1991ರಲ್ಲಿ ನೆಬ್ರಾಸ್ಕಾದ ಮೋಟೆಲಿನಲ್ಲಿ ಮಕ್ಕಳು ಕಾಯುತ್ತಿದ್ದ ಕ್ರಿಸ್‌ಮಸ್‌ಗೆ ಬರಲಿಲ್ಲ. ಅಪ್ಪನಿಗೆ ಅಂತ ಇಟ್ಟುಕೊಂಡಿದ್ದ ಪದಕವನ್ನು ಸ್ಯಾಮ್ ಅಣ್ಣನಿಗೆ ಕೊಟ್ಟ. ಇನ್ನು ಆ ಅಕ್ಷಾಂಶ ರೇಖಾಂಶ! ಮಕ್ಕಳು ತನ್ನನ್ನು ಊರೂರು ಹುಡುಕುತ್ತಿದ್ದಾರೆ, ಇವನು ಬರೀ ಅಂಕಿ ಕಳಿಸುತ್ತಾನೆ, ಇಂಥ ಜಾಗಕ್ಕೆ ಹೋಗಿ ಕೆಲಸ ಮುಗಿಸಿ ಅಂತ. ಸರ್ವೆಯರ್ ಆಗಿ ನನಗೆ ಮೊದಲು ಖುಷಿಯಾಯಿತು. ಆಮೇಲೆ ನನ್ನ ಹಳೇ ಡೈರಿ ತೆಗೆದು ನೋಡಿದೆ. ಯಾರ ಜಮೀನು ಎಷ್ಟು ಗುಂಟೆ ಅಂತ ಎಲ್ಲ ಇದೆ. ಮಕ್ಕಳ ಹೆಸರು ಎರಡು ಕಡೆ ಇದೆ, ಎರಡೂ ಕಡೆ ಫೀಸು ಕಟ್ಟಿದ ಲೆಕ್ಕ.

ಮೊದಲ ಸೀಸನ್ನಿನ ಕೊನೆಯಲ್ಲಿ ಭೂತ ಜಾನ್‌ನ ಮೈಯೊಳಗೆ ಹೊಕ್ಕಿರುತ್ತದಲ್ಲ, ಡೀನ್ ಅದನ್ನು ಕಂಡುಹಿಡಿಯುವುದು ಹೇಗೆ? ಅದು ಅವನನ್ನು ಹೊಗಳುತ್ತದೆ. ನಮ್ಮಪ್ಪ ಆಗಿದ್ದರೆ ಗುಂಡು ದಂಡ ಮಾಡಿದೆ ಅಂತ ಬೈಯುತ್ತಿದ್ದ, ಇದು ಅವನಲ್ಲ ಅಂತಾನೆ. ನಾನು ಜೋರಾಗಿ ನಕ್ಕೆ. ನಗುತ್ತಿದ್ದಾಗಲೇ ನೆನಪಾಯಿತು. ದೊಡ್ಡವನು ಮನೆ ಕಟ್ಟಿಸಿದಾಗ, ಗೃಹಪ್ರವೇಶದ ದಿನ, "ಚೆನ್ನಾಗಿ ಮಾಡಿದ್ದೀಯ ಮಗ" ಅಂದಿದ್ದೆ. ಅವನು ಗಾಬರಿಯಾಗಿ "ಯಾಕಪ್ಪ, ಹುಷಾರಿಲ್ವಾ?" ಅಂದಿದ್ದ. ಒಂದು ವಾರ ಟಿವಿ ಹಾಕಲಿಲ್ಲ.

ನೀನು ಹುಡುಗನನ್ನು ಹೊಗಳುತ್ತೀಯ ತಾನೇ? ಯಾವುದಕ್ಕೆ ಅಂತ ಸ್ವಲ್ಪ ಗಮನಿಸು. ತಮ್ಮನ ಡೈಪರ್ ತಂದುಕೊಟ್ಟಿದ್ದಕ್ಕೆ ಮಾತ್ರ ಹೊಗಳಬೇಡ. ಸುಮ್ನೆ ಗೋಡೆ ಮೇಲೆ ಗೀಚಿದ್ದಕ್ಕೂ ಹೊಗಳು. ನನ್ನ ಬುದ್ಧಿವಾದ ಯಾರಿಗೆ ಬೇಕು, ಆದರೂ ಬರೆದೆ.

ನೀನು ನನ್ನನ್ನು ಯಾಕೆ ಕೇಳಿದೆ ಅಂತ ನನಗೆ ಗೊತ್ತು. ನಿನ್ನ ಲೆಕ್ಕದಲ್ಲಿ ನಾನು ಮಕ್ಕಳನ್ನು ಮುದ್ದು ಮಾಡುವ ದೊಡ್ಡಪ್ಪ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತುಂಗೆಯ ದಂಡೆಯಲ್ಲಿ ತೇರು ತೋರಿಸಿದವನು. ಆ ಹೊತ್ತಿನಲ್ಲಿ ನನ್ನ ದೊಡ್ಡವನು ಎಲ್ಲಿದ್ದ ನೆನಪಿದೆಯಾ? ಹಿಂದೆ. ತಮ್ಮನ ಕೈ ಹಿಡಿದುಕೊಂಡು, ಎಲ್ಲೂ ತಪ್ಪಿಸಿಕೊಳ್ಳದ ಹಾಗೆ. ಜಾನ್‌ಗೆ ಮಿನೆಸೋಟಾದಲ್ಲಿ ಇನ್ನೊಬ್ಬ ಮಗ ಇದ್ದ, ಆಡಂ. ಅವನನ್ನು ಬೇಸ್‌ಬಾಲ್ ಆಟಕ್ಕೆ ಕರೆದುಕೊಂಡು ಹೋಗಿದ್ದ ಅಂತ ತಿಳಿದಾಗ ಡೀನ್‌ನ ಮುಖ ನೋಡಬೇಕು. ಮಗನ ಜೊತೆ ಹಾಗೆ ಇರಲು ಅಪ್ಪನಿಗೆ ಬರುತ್ತಿರಲಿಲ್ಲ ಅಂದುಕೊಂಡಿದ್ದ. ಬರುತ್ತಿತ್ತು.

ನೀನು ನನ್ನ ಆಡಂ ಪುಟ್ಟು. ನಿನ್ನ ಮೇಲೆ ನನ್ನ ಭಯ ಏನೂ ಇರಲಿಲ್ಲ, ಅದಕ್ಕೇ ಸಲೀಸಾಗಿ ಪ್ರೀತಿ ಬಂತು.

ಜಾನ್‌ಗೂ ಒಂದು ಹಿಂದಿನದಿದೆ. ಅವನಪ್ಪ ಹೆನ್ರಿ 1958ರಲ್ಲಿ ಒಂದು ರಾತ್ರಿ ಹೋದವನು ಬರಲೇ ಇಲ್ಲ. ಬಿಟ್ಟು ಓಡಿದ ಅಂತಲೇ ಜಾನ್ ಕೊನೆಯವರೆಗೂ ನಂಬಿದ್ದ. ನಮ್ಮ ವಂಶದಲ್ಲಿ ಅಂಥದ್ದು ಏನು ಅಂತ ನಿನಗೆ ಗೊತ್ತು, ಬೇಡ.

ನನಗೆ ಹಿಡಿಸಿದವನು ಬಾಬಿ ಸಿಂಗರ್, ಜಾನ್‌ನ ಹಾಗೇ ಬೇಟೆಗಾರ. ಹಳೇ ಕಾರುಗಳ ರಾಶಿ, ಕೊಳೆ ಟೋಪಿ. ಅವನ ಅಪ್ಪ ಹೊಡೆಯುವವನು. ತಾನೂ ಹಾಗೇ ಆಗುತ್ತೇನೆ ಅಂತ ಹೆದರಿ ಹೆಂಡತಿಗೆ ಮಕ್ಕಳೇ ಬೇಡ ಅಂದುಬಿಟ್ಟ. ಆ ಬೇಸರ ಮನಸ್ಸಲ್ಲಿ ಇಟ್ಟುಕೊಂಡೇ ಅವಳು ಸತ್ತಳು. ಇಷ್ಟಾಗಿ ಅವನೇ ಆ ಇಬ್ಬರಿಗೆ ಅಪ್ಪನಂತೆ ಆದ. ಡೀನ್‌ಗೆ ಗುರಿ ಹೊಡೆಯುವುದು ಕಲಿಸು ಅಂತ ಜಾನ್ ಬಿಟ್ಟು ಹೋದರೆ, ಇವನು ಹುಡುಗನನ್ನು ಹೊರಗೆ ಕರೆದುಕೊಂಡು ಹೋಗಿ ಚೆಂಡು ಎಸೆದು ಹಿಡಿಯುವ ಆಟ ಆಡಿಸಿದ. ಏಳನೇ ಸೀಸನ್ನಿನಲ್ಲಿ ಸಾಯುವ ಮುಂಚೆ ಅವನಿಗೆ ನೆನಪಾಗುವ ಸಂಗತಿಗಳಲ್ಲಿ ಅದೂ ಒಂದು.

ನೀನೂ ಬಾಬಿಯ ಹಾಗೆ ಹೆದರಿದ್ದೀಯ. ಹೆದರಿಕೆ ಹೋಗುತ್ತದೆ ಅಂತ ನಾನು ಹೇಳಲಾರೆ. ನನಗಂತೂ ಆಗ ಹೆದರಿಕೆಯೇ ಬರಲಿಲ್ಲ. ನೀನು ಅಂಚಿನಲ್ಲಾದರೂ ಬರೆದೆ.

ಒಂದು ಕೆಲಸ ಮಾಡು, ಆದರೆ ಮಾಡು. ನಿನ್ನ ದೊಡ್ಡ ಮಗನ ಎದುರು ಕುಕ್ಕರಗಾಲಲ್ಲಿ ಕೂತು ಹೇಳು: "ಆವತ್ತು ಅಪ್ಪನಿಗೆ ಅಳು ಬಂತು. ಅಪ್ಪಂದಿರಿಗೂ ಬರುತ್ತೆ. ಪಾಪುನ ನೋಡಿಕೊಳ್ಳೋದು ನನ್ನ ಕೆಲಸ, ನಿಂದಲ್ಲ." ಅಷ್ಟೇ. ಕಿವಿಯಲ್ಲಿ ಬೇಡ, ಗಟ್ಟಿಯಾಗಿ ಹೇಳು. ಅವನಿಗೆ ಅರ್ಥ ಆಗದಿರಬಹುದು, ಕಾರು ಆಡಿಸಿಕೊಂಡು ಹೋಗಿಬಿಡಬಹುದು. ಹೋಗಲಿ. "ನೀನು ದೊಡ್ಡೋನು" ಅನ್ನುವ ಮಾತು ಒಂದಷ್ಟು ದಿನ ಬಾಯಿಗೆ ಬರದಂತೆ ನೋಡಿಕೋ, ಕಷ್ಟ, ನಮ್ಮ ಬಾಯಿಗೆ ಅದು ತಾನಾಗೇ ಬರುತ್ತದೆ. ರಾತ್ರಿ ಆ ಧಾರಾವಾಹಿ ಸ್ವಲ್ಪ ಕಡಿಮೆ ನೋಡು.

ನಿನ್ನ ಕಾಗದ ಓದಿದ ಮೇಲೆ ಬುಧವಾರ ದೊಡ್ಡವನಿಗೆ ಫೋನ್ ಮಾಡಿದೆ. ಆ ಪಾತ್ರೆ ನೆನಪಿದೆಯಾ ಅಂತ ಕೇಳಿದೆ. "ಯಾವ ಪಾತ್ರೆ?" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಪರವಾಗಿಲ್ಲ ಬಿಡಪ್ಪ" ಅಂದ. ಇಲ್ಲ ಕಣೋ, ಬಿಡೋ ಹಾಗಿಲ್ಲ ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. "ಊಟ ಆಯ್ತಾ" ಅಂತ ಕೇಳಿ ಇಟ್ಟುಬಿಟ್ಟೆ. ಭಾನುವಾರ ಮತ್ತೆ ಮಾಡುತ್ತೇನೆ.

ನಾಳೆ ಬಸ್ಸಿಗೆ ಹಲಸಿನ ಹಪ್ಪಳ ಕೊಟ್ಟು ಕಳಿಸುತ್ತಿದ್ದೇನೆ. ಅದರ ಜೊತೆ ನನ್ನ ಹಳೇ ಅಳತೆ ಟೇಪು ಇದೆ, 30 ಮೀಟರಿನದು, ಹಿಡಿ ತಿರುಗಿಸಿದರೆ ಒಳಗೆ ಹೋಗುತ್ತದೆ. ಅದು ನಿನ್ನ ದೊಡ್ಡ ಹುಡುಗನಿಗೆ. ಪಾಪು ಎಷ್ಟು ಉದ್ದ ಆಗಿದೆ ಅಳೆದು ಹೇಳು ಅಂತ ಕೆಲಸ ಹಚ್ಚಬೇಡ. ಎಳೆದುಕೊಂಡು ಮನೆ ತುಂಬ ಓಡಾಡಲಿ.

ಇತಿ ನಿನ್ನ
ದೊಡ್ಡಪ್ಪ