ಒಂದು ಸಾಲಿನಲ್ಲಿ ಮುಗಿಯದ ಋಣ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಸೈನಿಕ ಕುಟುಂಬಗಳ ಆರೋಗ್ಯ ಮತ್ತು ಕ್ಷೇಮವನ್ನು ಕುರಿತ ನನ್ನ ಅಧ್ಯಯನದ ಮೌಖಿಕ ಪರೀಕ್ಷೆ ಕಳೆದ ವಾರ ಧಾರವಾಡದಲ್ಲಿ ಮುಗಿದು, ಪಿಎಚ್.ಡಿ. ಪದವಿಗೆ ಶಿಫಾರಸಾಯಿತು. ಮಹಾಪ್ರಬಂಧದ ಆರಂಭದ ಪುಟಗಳಲ್ಲಿ ಮಾರ್ಗದರ್ಶಕರಿಗೆ, ವಿಭಾಗಕ್ಕೆ, ಗ್ರಂಥಾಲಯಕ್ಕೆ ವಂದನೆ ಹೇಳಿ, ಮಾಹಿತಿ ಕೊಟ್ಟ ಕುಟುಂಬಗಳನ್ನು ಕೊನೆಗೆ ಒಂದು ಸಾಲಿನಲ್ಲಿ ನೆನೆಯುವುದು ರೂಢಿ. ಆ ಒಂದು ಸಾಲು ನನಗೆ ಸಾಲದು. ಆದ್ದರಿಂದ ಇಲ್ಲಿ ಅದನ್ನು ತಿರುವುಮುರುವಾಗಿಸಿ, ಮೊದಲು ಆ ಮನೆಗಳಿಗೆ ನನ್ನ ಕೃತಜ್ಞತೆಯನ್ನು ಸಲ್ಲಿಸುತ್ತೇನೆ.

ಈ ಋಣ ಸೌಜನ್ಯದ ಮಾತಲ್ಲ. ಇಡೀ ಅಧ್ಯಯನವೇ ಅದರ ಮೇಲೆ ನಿಂತಿದೆ. 2010ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಅಮೆರಿಕದ ಎರಡೂವರೆ ಲಕ್ಷ ಸೈನಿಕ ಪತ್ನಿಯರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ, ಗಂಡ ಯುದ್ಧಭೂಮಿಗೆ ಹೋದವರಲ್ಲಿ ಖಿನ್ನತೆ, ಆತಂಕ, ನಿದ್ರೆಯ ತೊಂದರೆಗಳು ಉಳಿದವರಿಗಿಂತ ಹೆಚ್ಚಾಗಿ ದಾಖಲಾಗಿದ್ದವೆಂದು ತೋರಿಸಿತು. ನನ್ನ ಓದು ಆರಂಭವಾದದ್ದು ಅಲ್ಲಿಂದ. ಆದರೆ ಅಂಥ ಲೆಕ್ಕ ಸಾಧ್ಯವಾದದ್ದು ಆ ಮಹಿಳೆಯರು ವೈದ್ಯರ ಬಳಿ ಹೋಗಿದ್ದರಿಂದ, ಹೋದದ್ದು ಕಡತದಲ್ಲಿ ಉಳಿದಿದ್ದರಿಂದ. ನಮ್ಮ ಕಡೆ ಸೈನಿಕನ ಹೆಂಡತಿ ನಿದ್ದೆ ಬರುವುದಿಲ್ಲವೆಂದು ದವಾಖಾನೆಗೆ ಹೋಗುವುದೇ ಅಪರೂಪ. ಮಾನಸಿಕ ಆರೋಗ್ಯದ ಚಿಕಿತ್ಸೆ ಎಂದೊಡನೆ, ಮಾನಸಿಕ ಆಸ್ಪತ್ರೆ ಇರುವ ಊರೆಂದು 'ಧಾರವಾಡಕ್ಕೆ ಕಳಿಸಬೇಕು' ಎಂಬ ಮಾತನ್ನು ಬೈಗುಳದಂತೆ ಆಡುವ ಊರುಗಳಲ್ಲಿ, ಆ ಮಾತು ತನ್ನ ಮೇಲೆ ಬೀಳಬಾರದೆಂದು ಒಬ್ಬ ಸೊಸೆ ವರ್ಷಗಟ್ಟಲೆ ಸುಮ್ಮನಿರಬಲ್ಲಳು. ಯಾವ ಕಡತದಲ್ಲೂ ಇಲ್ಲದ ಈ ಆರೋಗ್ಯವನ್ನು ತಿಳಿಯಲು ಇದ್ದ ದಾರಿ ಒಂದೇ: ಮನೆಗೆ ಹೋಗಿ ಕೇಳುವುದು, ಮತ್ತು ಅವರು ಹೇಳಲು ಒಪ್ಪುವುದು. ಅವರು ಒಪ್ಪಿದರು.

ಒಪ್ಪಿದ್ದಷ್ಟೇ ಅಲ್ಲ, ಅಧ್ಯಯನದ ವಿಧಾನವನ್ನೇ ತಿದ್ದಿಕೊಟ್ಟರು. ಖಿನ್ನತೆಯನ್ನು ಅಳೆಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಹಿಂದಿನ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. ಸವಣೂರು ತಾಲ್ಲೂಕಿನ ಒಬ್ಬ ತಾಯಿ ಉತ್ತರಿಸುವ ಮೊದಲು ನನ್ನನ್ನೇ ಕೇಳಿದ್ದು, ಯಾವ ಎರಡು ವಾರ ಎಂದು: ಗಂಡ ರಜೆಗೆ ಬಂದಿದ್ದಾಗಿನದೋ, ತಿರುಗಿ ಹೋದ ಮೇಲಿನದೋ, ಇಲ್ಲಾ ಪೋಸ್ಟಿಂಗ್ ಎಲ್ಲಿ ಬೀಳುತ್ತದೋ ಎಂದು ಕಾಯುವಾಗಿನದೋ. ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ, 30 ದಿನಗಳ ಸಾಂದರ್ಭಿಕ ರಜೆ ಎಂಬ ಲೆಕ್ಕದಲ್ಲಿ ಸಾಗುವ ಸಂಸಾರಕ್ಕೆ ಆ ಪ್ರಶ್ನೆ ಎಷ್ಟು ಸಹಜವೋ, ಸಂಶೋಧನೆಗೆ ಅಷ್ಟೇ ಮೂಲಭೂತವಾದದ್ದು. ಅಂದಿನಿಂದ ಪ್ರತಿ ಉತ್ತರದ ಜೊತೆಗೆ ಮನೆಯ ಯಜಮಾನ ಆ ಹೊತ್ತಿಗೆ ಎಲ್ಲಿದ್ದರು, ಹೋಗಿ ಎಷ್ಟು ದಿನವಾಗಿತ್ತು ಎಂಬುದನ್ನೂ ಬರೆದುಕೊಂಡೆವು. ಪರೀಕ್ಷಕರು ಅತ್ಯಂತ ಹೆಚ್ಚು ಮೆಚ್ಚಿದ ಅಧ್ಯಾಯ ಅದರಿಂದ ಹುಟ್ಟಿದ್ದು, ಆ ಮೆಚ್ಚುಗೆ ಆ ತಾಯಿಗೆ ಸಲ್ಲಬೇಕಾದದ್ದು.

ಅಗಲಿಕೆಗಿಂತ ಮರಳಿ ಕೂಡುವ ದಿನಗಳೇ ಕೆಲವೊಮ್ಮೆ ಕಠಿಣ ಎಂಬುದನ್ನು ಕ್ಯಾಥ್ಲೀನ್ ಲೋಗನ್ ಅವರು ಅಮೆರಿಕದ ನೌಕಾಪಡೆಯ ಕುಟುಂಬಗಳನ್ನು ಕುರಿತು 1987ರಲ್ಲೇ ಬರೆದಿದ್ದರು. ಓದಿದಾಗ ಅದು ನನಗೆ ಒಂದು ಸಿದ್ಧಾಂತವಾಗಿತ್ತು. ಶಿರಹಟ್ಟಿ, ಕುಂದಗೋಳ, ಬ್ಯಾಡಗಿ ಕಡೆಯ ಹೆಣ್ಣುಮಕ್ಕಳ ಬಾಯಿಂದ ಕೇಳಿದ ಮೇಲೆ ಅರ್ಥವಾಯಿತು. ಆದರೆ ಇಲ್ಲಿನ ಸಂಸಾರದ ಚಿತ್ರ ಬೇರೆ. ಅಲ್ಲಿನ ಬರಹಗಳಲ್ಲಿ ಬರುವುದು ಹೆಚ್ಚಾಗಿ ಗಂಡ, ಹೆಂಡತಿ, ಮಕ್ಕಳು. ಇಲ್ಲಿ ಅತ್ತೆಮಾವ, ಮೈದುನ, ಹೊಲ, ದನಕರು, ಸೊಸೈಟಿಯ ಸಾಲ ಎಲ್ಲವೂ ಆರೋಗ್ಯದ ಲೆಕ್ಕಕ್ಕೆ ಬರುತ್ತವೆ. ಗೋವಿನಜೋಳಕ್ಕೆ ಗೊಬ್ಬರ ತರಿಸುವವಳು ಅವಳೇ, ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಯಾವ ದಿನ ಕಳಿಸಬೇಕೆಂದು ನಿರ್ಧರಿಸುವವಳೂ ಅವಳೇ. ರಜೆಗೆ ಬಂದವರು ಆ ನಿರ್ಧಾರಗಳನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡು, ಹೋಗುವಾಗ ಮತ್ತೆ ಅವಳ ಕೈಗೇ ಬಿಟ್ಟುಹೋಗುತ್ತಾರೆ. ಗಂಡನನ್ನು ದೂರುವ ಧಾಟಿಯಲ್ಲಿ ಇದನ್ನು ಹೇಳಿದವರು ಯಾರೂ ಇರಲಿಲ್ಲ. ಇದೂ ಒಂದು ದಣಿವು, ಇದನ್ನೂ ಬರೆದುಕೊಳ್ಳಿ ಎಂಬಷ್ಟೇ ಅವರ ಮಾತಾಗಿತ್ತು. ಬರೆದುಕೊಂಡಿದ್ದೇನೆ.

ಸೈನಿಕರ ವಯಸ್ಸಾದ ತಂದೆತಾಯಂದಿರಿಗೆ ಬೇರೆಯಾಗಿಯೇ ವಂದನೆ ಹೇಳಬೇಕು. ಸೇವೆಯಲ್ಲಿರುವ ಸೈನಿಕನ ಅವಲಂಬಿತರಿಗೆ ಸೇನಾ ಆಸ್ಪತ್ರೆಯ ಚಿಕಿತ್ಸೆ ಹಕ್ಕಾಗಿ ಇದೆ, ಆದರೆ ಅದಕ್ಕಾಗಿ ಬೆಳಗಾವಿಗೆ ಹೋಗಬೇಕು. ಹಾವೇರಿಯ ಒಂದು ಹಳ್ಳಿಯಿಂದ ಮೊಣಕಾಲು ನೋವಿನ ತಾಯಿ ಬೆಳಗಾವಿಗೆ ಹೋಗಿಬರುವುದೆಂದರೆ ಒಂದು ಇಡೀ ದಿನ ಮತ್ತು ಜೊತೆಗೆ ಒಬ್ಬ ಆಳು. ನಿವೃತ್ತರಿಗಾಗಿ 2003ರ ಏಪ್ರಿಲ್‌ನಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಆ ದೂರವನ್ನು ಬಹಳಷ್ಟು ಕಡಿಮೆ ಮಾಡಿದೆ. ಸೇವೆಯಲ್ಲಿರುವವರ ಮನೆಗಳಿಗೆ ದೂರ ಇನ್ನೂ ಹಾಗೆಯೇ ಇದೆ. ರಕ್ತದೊತ್ತಡ ಅಳೆಯಲು ತೋಳು ಚಾಚುತ್ತ, ಮಗನಿಗೆ ಮಾತ್ರ ಈ ಸಂಖ್ಯೆ ಹೇಳಬೇಡವೆಂದು ಕೇಳಿಕೊಂಡ ಹಿರಿಯರು ಒಬ್ಬಿಬ್ಬರಲ್ಲ. ಫೋನಿನಲ್ಲಿ ಎರಡೂ ಕಡೆಯವರು ತಾವು ಆರಾಮ ಇದ್ದೇವೆಂದು ಹೇಳುವುದು ಪ್ರೀತಿಯಿಂದ. ಆದರೆ ಆ ಪ್ರೀತಿಯಿಂದಾಗಿ ಔಷಧ ತಡವಾಗುತ್ತದೆ ಎಂಬುದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ, ಅವರ ಅನುಮತಿ ಪಡೆದೇ ಬರೆದಿದ್ದೇನೆ.

ಗಂಡನನ್ನು ಕಳೆದುಕೊಂಡ ಸಹೋದರಿಯರ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮಪಾತದಲ್ಲಿ ಆರು ದಿನ ಹೂತುಹೋಗಿ, ಜೀವಂತವಾಗಿ ಸಿಕ್ಕು, 2016ರ ಫೆಬ್ರುವರಿ 11ರಂದು ತೀರಿಕೊಂಡಾಗ ಈ ನಾಡೆಲ್ಲ ಒಂದಾಗಿ ಅತ್ತದ್ದನ್ನು ನಾವೆಲ್ಲ ಕಂಡಿದ್ದೇವೆ. ಈ ವಿಷಯವನ್ನು ಆರಿಸಿಕೊಳ್ಳಲು ನನಗೆ ಪ್ರೇರಣೆಯಾದದ್ದು ಆ ವಾರವೇ. ಆದರೆ ಸೇವೆಯಲ್ಲಿದ್ದಾಗ ಕಾಯಿಲೆಯಿಂದಲೋ ರಸ್ತೆ ಅಪಘಾತದಿಂದಲೋ ತೀರಿಹೋದವರ ಮನೆಗೆ ಮೆರವಣಿಗೆ ಬರುವುದಿಲ್ಲ, ವೃತ್ತಕ್ಕೆ ಹೆಸರಿಡುವುದಿಲ್ಲ. ಸಾವಿನ ಕಾರಣಕ್ಕೆ ತಕ್ಕಂತೆ ಕುಟುಂಬ ಪಿಂಚಣಿಯೂ ಸಾಮಾನ್ಯ, ವಿಶೇಷ, ಉದಾರೀಕೃತ ಎಂದು ಬೇರೆಬೇರೆಯಾಗುತ್ತದೆ. ದುಃಖದಲ್ಲಿ ಆ ವಿಂಗಡಣೆ ನನಗೆ ಕಾಣಲಿಲ್ಲ. ಹೇಳಿಕೊಳ್ಳಲು ಸಭೆಯೂ ಇಲ್ಲದ, ಕೇಳುವ ಅಧಿಕಾರಿಯೂ ಇಲ್ಲದ ಆ ಸಹೋದರಿಯರು ನನ್ನನ್ನು ಒಳಗೆ ಕರೆದು ಕೂರಿಸಿ ಮಾತನಾಡಿದ್ದಕ್ಕೆ ನಾನು ಕೈಮುಗಿಯುತ್ತೇನೆ.

ಇಂಥ ಪ್ರಶ್ನೆಗಳನ್ನು ಕೇಳುವವರು ಉತ್ತರದ ಹೊಣೆಯನ್ನೂ ಹೊರಬೇಕು. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯನ್ನು ಕುರಿತದ್ದು. ಅದಕ್ಕೆ ಹೌದೆಂದವರನ್ನು ಸುಮ್ಮನೆ ಅಂಕಿಯಾಗಿಸಿ ಎದ್ದುಬರಲಾಗದು. ಆ ಸಂದರ್ಭಗಳಲ್ಲಿ ಸಂದರ್ಶನವನ್ನು ಅಲ್ಲಿಗೇ ನಿಲ್ಲಿಸಿ ನಾನು ಫೋನು ಮಾಡಿದಾಗಲೆಲ್ಲ ಸಮಯ ಕೊಟ್ಟು, ಬಂದವರನ್ನು ಸಾಲಿನಲ್ಲಿ ಕಾಯಿಸದೆ ಗೌರವದಿಂದ ಕಂಡ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯ ವೈದ್ಯರು ಮತ್ತು ಸಮಾಜ ಕಾರ್ಯಕರ್ತರಿಗೆ ನಾನು ಚಿರಋಣಿ. ಅಲ್ಲಿಗೆ ಬರಲು ಹಿಂಜರಿದವರಿಗೆ ಟೆಲಿ-ಮಾನಸ್ ಸಹಾಯವಾಣಿ 14416 ನೆರವಾಯಿತು; ಅದರಲ್ಲಿ ಕನ್ನಡದಲ್ಲೇ ಮಾತನಾಡಬಹುದು ಎಂದು ತಿಳಿದ ಮೇಲೆ ಅನೇಕರ ಅಳುಕು ಕಡಿಮೆಯಾಯಿತು.

ಕುಟುಂಬಗಳ ಹೆಸರುಗಳನ್ನು ನನ್ನ ಕೈಗೆ ಕೊಡದೆ, ನನ್ನ ಪತ್ರವನ್ನೇ ಅವರಿಗೆ ತಲುಪಿಸಿ, ಮನಸ್ಸಿದ್ದವರು ಮಾತ್ರ ಉತ್ತರಿಸುವಂತೆ ನೋಡಿಕೊಂಡ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಸಿಬ್ಬಂದಿಗೆ, ಹಳ್ಳಿಗಳಲ್ಲಿ ನನ್ನ ಪರವಾಗಿ ಮಾತು ಕೊಟ್ಟ ಮಾಜಿ ಸೈನಿಕರಿಗೆ ಧನ್ಯವಾದ. ಮನೆಯಲ್ಲಿ ಅತ್ತೆ ಕೇಳಿಸಿಕೊಳ್ಳುತ್ತಾರೆಂಬ ಸಂಕೋಚವಿದ್ದಾಗ ಅಂಗನವಾಡಿಯ ಕೋಣೆಯನ್ನು ತೆರೆಸಿಕೊಟ್ಟು, ಹೊರಗೆ ಕಾವಲು ಕೂತ ಆಶಾ ಕಾರ್ಯಕರ್ತೆಯರಿಗೆ ಇನ್ನೂ ಹೆಚ್ಚಿನ ಧನ್ಯವಾದ; ಅವರಿಲ್ಲದಿದ್ದರೆ ಅರ್ಧದಷ್ಟು ಉತ್ತರಗಳು ಕೇವಲ ಮರ್ಯಾದೆಯ ಉತ್ತರಗಳಾಗಿ ಉಳಿಯುತ್ತಿದ್ದವು. ಒಂದೊಂದು ಅಧ್ಯಾಯವನ್ನೂ ಮೂಲ ಟಿಪ್ಪಣಿಗಳ ಜೊತೆ ಇಟ್ಟು ಓದಿ, ಹೆಣ್ಣುಮಕ್ಕಳು ಹೇಳದ ಮಾತನ್ನು ಅವರ ಬಾಯಲ್ಲಿ ಇಡಬಾರದೆಂದು ಮತ್ತೆ ಮತ್ತೆ ಎಚ್ಚರಿಸಿದ ನನ್ನ ಮಾರ್ಗದರ್ಶಕರಿಗೂ ನಾನು ಆಭಾರಿ.

ಪ್ರಬಂಧ ಇಂಗ್ಲಿಷಿನಲ್ಲಿದೆ. ಅದರ ಸಾರವನ್ನು ಕನ್ನಡದಲ್ಲಿ, ಯಾರ ಗುರುತೂ ಸಿಗದಂತೆ ಒಂದು ಚಿಕ್ಕ ಪುಸ್ತಿಕೆಯಾಗಿ ಸಿದ್ಧಪಡಿಸುತ್ತಿದ್ದೇನೆ. ಮುಂಗಾರಿನ ಸುಗ್ಗಿ ಮುಗಿದ ಮೇಲೆ ಅದನ್ನು ಮಾಹಿತಿ ಕೊಟ್ಟ ಪ್ರತಿಯೊಂದು ಮನೆಗೂ ನಾನೇ ತಂದು ಕೊಟ್ಟು, ಬಯಸಿದವರಿಗೆ ಓದಿ ಹೇಳುತ್ತೇನೆ. ಈ ನಡುವೆ ಗಂಡನ ಪೋಸ್ಟಿಂಗ್ ಊರಿನ ಕ್ವಾರ್ಟರ್ಸಿಗೆ ಹೋದವರು ತಮ್ಮ ಊರಿನ ಆಶಾ ಕಾರ್ಯಕರ್ತೆಯರಿಗೆ ಹೇಳಿ ಕಳಿಸಿದರೆ, ಅವರ ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ.