ಅಪ್ಪನ ಕೈಗಡಿಯಾರ ಸಡಿಲವಾದ ವಿಚಾರವಾಗಿ ಅಮ್ಮನಿಗೆ

ಅಮ್ಮನಿಗೆ ಮಗಳ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಿನ್ನ ಕಾಗದವನ್ನೂ ಅಪ್ಪ ಊಟಕ್ಕೆ ಕೂತಾಗ ಮಂಜು ತೆಗೆದ ಫೋಟೋವನ್ನೂ ನೋಡಿದ ಮೇಲೆ ಬೇರೆ ಸುದ್ದಿ ಬರೆಯಲು ಮನಸ್ಸಾಗುತ್ತಿಲ್ಲ.

ಫೋಟೋದಲ್ಲಿ ಅಪ್ಪನ ಕೈಗಡಿಯಾರ ಮೊಣಕೈಯತ್ತ ಜಾರಿದೆ. ದೀಪಾವಳಿಗೆ 58 ಕೆ.ಜಿ. ಇದ್ದವರು ಯುಗಾದಿಗೆ 53 ಆಗಿದ್ದಾರೆ, ಶುಗರ್ ಇರುವವರು ಸಣ್ಣಗಾದರೆ ಒಳ್ಳೆಯದೇ ಎಂದು ಚಿಂತಾಮಣಿಯಲ್ಲಿ ಎಲ್ಲರೂ ಹೇಳುತ್ತಾರೆ ಎಂದು ಬರೆದಿದ್ದೀಯೆ. ಒಳ್ಳೆಯದಲ್ಲ, ಅಮ್ಮ. ಈ ವಯಸ್ಸಿನಲ್ಲಿ ತಾನಾಗಿ ತೂಕ ಇಳಿದರೆ ಕೊಬ್ಬಿನ ಜೊತೆಗೆ ತೊಡೆಯ ಮಾಂಸಖಂಡವೂ ಕರಗುತ್ತದೆ. ಜಗಲಿಯಿಂದ ಏಳಲು ಅವರು ಕಂಬ ಹಿಡಿಯುವುದನ್ನು ಬರೀ ಮುಪ್ಪು ಎಂದುಕೊಳ್ಳಬೇಡ.

ಇಂಗ್ಲೆಂಡಿನ ಈ ವೃದ್ಧರ ಆರೈಕೆ ಮನೆಯಲ್ಲಿ ನಾವು ತಿಂಗಳಿಗೊಮ್ಮೆ ಎಲ್ಲರ ತೂಕ ನೋಡುತ್ತೇವೆ. ಆರು ತಿಂಗಳೊಳಗೆ ನೂರಕ್ಕೆ 5 ಪಾಲು ಇಳಿದರೆ ಅಡುಗೆಯವರಿಗೂ ಡಾಕ್ಟರಿಗೂ ತಿಳಿಸುತ್ತೇವೆ. ಅಪ್ಪನದು ಎಂಟೂವರೆ ಪಾಲು ಇಳಿದಿದೆ. ಇಲ್ಲಿಯವರು ಹಾಲಿಗೇ ಹಾಲಿನ ಪುಡಿ ಕಲಸಿ ಅಜ್ಜಂದಿರಿಗೆ ಕುಡಿಸುತ್ತಾರೆ ಎಂದರೆ ನೀನು ನಗುತ್ತೀಯೆ. ನಮ್ಮ ಮನೆಗೆ ಅದು ಬೇಕಿಲ್ಲ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ಫೋಟೋದಲ್ಲಿ ನೋಡು, ಅಪ್ಪ ಮುದ್ದೆಯನ್ನು ಬಸ್ಸಾರಿನ ತಿಳಿಯಲ್ಲಷ್ಟೇ ಅದ್ದಿ ನುಂಗಿ, ಕಾಳುಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದ್ದಾರೆ. ದವಡೆ ಹಲ್ಲು ಹೋದ ಮೇಲೆ ಅವರಿಗೆ ಅಗಿಯಲಾಗುತ್ತಿಲ್ಲ, ನಿನಗೆ ಹೇಳಿಲ್ಲ, ಅಷ್ಟೇ. ಕಾಳನ್ನು ಮೆತ್ತಗೆ ಬೇಯಿಸಿ, ರುಬ್ಬಿ ಸಾರಿಗೇ ಸೇರಿಸು. ರಾತ್ರಿ ಬರೀ ಗಂಜಿ ಕೊಡಬೇಡ. ಒಂದು ಮೊಟ್ಟೆ, ಒಂದು ಲೋಟ ಹಾಲು ಇರಲಿ. ಮೂತ್ರಪಿಂಡ ಚೆನ್ನಾಗಿದ್ದರೆ ಅವರ ತೂಕಕ್ಕೆ ದಿನಕ್ಕೆ 53ರಿಂದ 64 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಿಂದ ಸಿಗುವುದು ಆರೇ ಗ್ರಾಂ.

ಈ ವಾರವೇ ಡಾಕ್ಟರಿಗೆ ತೋರಿಸಿ, ಶುಗರ್, ಥೈರಾಯ್ಡ್, ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಊಟ ಕಡಿಮೆಯಾದರೂ ಮಾತ್ರೆ ಹಳೆಯ ಪ್ರಮಾಣದಲ್ಲೇ ಇದ್ದರೆ ಶುಗರ್ ಇಳಿದು ತಲೆಸುತ್ತಿ ಬೀಳಬಹುದು, ಅದನ್ನು ಮರೆಯದೆ ಕೇಳಿ. ಆದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಮಂಜುವಿಗೆ ಒಂದು ಕೆಲಸ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಅಪ್ಪ ಎದೆಯ ಮೇಲೆ ಕೈಕಟ್ಟಿ ಐದು ಸಲ ಎದ್ದು ಕೂರಲಿ, ಇವನು ಪಕ್ಕದಲ್ಲೇ ನಿಂತು ಸಮಯ ನೋಡಲಿ. 15 ಸೆಕೆಂಡಿಗಿಂತ ಹೆಚ್ಚಾದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ಡಾಕ್ಟರ್ ಒಪ್ಪಿದರೆ ಅದನ್ನೇ ದಿನಾ ಮಾಡಿಸಿ, ಊಟದ ಜೊತೆ ಇದೂ ಇದ್ದರೆ ಮಾತ್ರ ಮಾಂಸಖಂಡ ತಿರುಗಿ ಕೂಡುತ್ತದೆ.

ಹಲ್ಲಿನ ಸೆಟ್ಟಿಗೆ ಹಣ ಕಳಿಸಿದ್ದೇನೆ, ಅದನ್ನು ತಂಗಿಯ ಮದುವೆಗೆಂದು ಎತ್ತಿಡಬೇಡ. ಗಾಬರಿ ಬೇಡ, ಗಾಬರಿಪಡುವಂಥದ್ದು ಏನೂ ಇಲ್ಲ, ನನಗೂ ಏನೂ ಗಾಬರಿಯಿಲ್ಲ. ರಾತ್ರಿ ಪಾಳಿಯ ಬಸ್ಸಿಗೆ ಹೊತ್ತಾಯಿತು. ಭಾನುವಾರ ತೂಕ ನೋಡಿ ತಿಳಿಸಿ.

ನಿನ್ನ ಮಗಳು